ಜನರೇಟರಿನ ಪಿಡಿ ಅಲಾರಂ: ಯಂತ್ರ ನಿಲ್ಲಿಸಬೇಕೆ, ಕಾಯಬಹುದೆ?

ಪ್ರಶ್ನೆ: ನಮ್ಮದು 11 ಕಿಲೋವೋಲ್ಟ್‌ನ ಹಳೆಯ ಜಲವಿದ್ಯುತ್ ಜನರೇಟರ್. ಸ್ಟೇಟರ್ ವೈಂಡಿಂಗ್‌ನ (ತಿರುಗದ ಭಾಗದ ಸುರುಳಿಯ) ಪಾರ್ಷಿಯಲ್ ಡಿಸ್ಚಾರ್ಜ್ (ಪಿಡಿ), ಅಂದರೆ ಇನ್ಸುಲೇಷನ್ನಿನ ಟೊಳ್ಳುಗಳಲ್ಲೂ ಮೇಲ್ಮೈಯಲ್ಲೂ ಹಾರುವ ಸಣ್ಣ ಕಿಡಿಗಳನ್ನು ಹಗಲಿರುಳು ಅಳೆಯುವ ಸ್ವಯಂಚಾಲಿತ ಉಪಕರಣ ಹಾಕಿಸಿದ್ದೇವೆ. ಮಳೆ ಹಿಡಿದಾಗಿನಿಂದ ಬಿ ಫೇಸ್ ಮಿತಿ ದಾಟಿ ಅಲಾರಂ ಬರುತ್ತಲೇ ಇದೆ. ಜಲಾಶಯ ತುಂಬಿರುವಾಗ ಯಂತ್ರ ನಿಲ್ಲಿಸುವುದು ಸುಲಭವಲ್ಲ. ಇಂಥದ್ದನ್ನು ಕಂಡವರು ಏನು ಮಾಡಿದಿರಿ?

ಉತ್ತರ 1: ಅಲಾರಂ ಒಂದನ್ನೇ ನಂಬಿ ನಿಲ್ಲಿಸಬೇಡಿ. ಮಿತಿಯನ್ನು ಏರಿಸಿ ಸುಮ್ಮನಾಗುವುದಂತೂ ಬೇಡವೇ ಬೇಡ. ಹಾಗೆ ಮಾಡಿದ ಕೇಂದ್ರವೊಂದನ್ನು ಕಂಡಿದ್ದೇನೆ. ಆಮೇಲೆ ಅಲ್ಲಿ ಯಾರೂ ಆ ಉಪಕರಣದ ಕಡೆ ತಿರುಗಿ ನೋಡಲಿಲ್ಲ.

ವೋಲ್ಟೇಜ್ ಮತ್ತು ವೈಂಡಿಂಗ್ ತಾಪಮಾನ ಬದಲಾಗದಂತೆ ನೋಡಿಕೊಂಡು ಲೋಡ್ ಇಳಿಸಿ. ಜೊತೆಗೆ ಪಿಡಿಯೂ ಇಳಿದರೆ ಸ್ಲಾಟಿನಲ್ಲಿ (ಕೋರ್ ಎಂಬ ಕಬ್ಬಿಣದ ಭಾಗದ ಸೀಳಿನಲ್ಲಿ) ಬಾರ್ (ವೈಂಡಿಂಗ್‌ನ ತಾಮ್ರದ ಪಟ್ಟಿ) ಸಡಿಲಾಗಿರುವ ಶಂಕೆ ಬಲವಾಗುತ್ತದೆ. ಬಾರ್ ಮೇಲಿನ ಬಲ ಕರೆಂಟಿನ ವರ್ಗದಷ್ಟು ಏರುತ್ತದೆ. ಬಾರನ್ನು ಸ್ಲಾಟಿನಲ್ಲಿ ಹಿಡಿದಿಡುವ ಬೆಣೆ, ಅಂದರೆ ವೆಡ್ಜ್, ಬಿಗಿ ತಪ್ಪಿದ್ದರೆ ಬಾರ್ ಸೆಕೆಂಡಿಗೆ 100 ಬಾರಿ ಅದುರಿ, ಅರೆವಾಹಕ ಲೇಪ ಸವೆದು, ಕೋರ್ ಕಡೆಗೆ ಕಿಡಿ ಹಾರತೊಡಗುತ್ತದೆ. ಕಿಡಿ ಹಾರಿದಾಗ ಉಪಕರಣ ಹಿಡಿಯುವ ಕ್ಷಣಿಕ ಸಂಕೇತಗಳಲ್ಲಿ (ಪಲ್ಸ್) ಧನ ಪಲ್ಸ್‌ಗಳು ಋಣ ಪಲ್ಸ್‌ಗಳಿಗಿಂತ ದೊಡ್ಡವಾಗಿದ್ದರೆ ಶಂಕೆ ಇನ್ನಷ್ಟು ಗಟ್ಟಿ. ಋಣ ಪಲ್ಸ್‌ಗಳ ಕೈ ಮೇಲಾದರೆ ತೊಂದರೆ ತಾಮ್ರದ ಬಳಿ. ಎರಡೂ ಸಮವಾದರೆ ಇನ್ಸುಲೇಷನ್ನಿನ ನಡುವಿನ ಟೊಳ್ಳುಗಳಲ್ಲಿ.

ನಿಮ್ಮ ಉಪಕರಣ ಪ್ರತಿ ಅಳತೆಯ ಜೊತೆ ಲೋಡ್, ತಾಪಮಾನ, ಆರ್ದ್ರತೆಯನ್ನೂ ಬರೆದಿಡುತ್ತಿದೆಯೆ? ಇಲ್ಲವೆಂದರೆ ಇವತ್ತೇ ಜೋಡಿಸಿ. ಒಂದೇ ಸ್ಥಿತಿಯಲ್ಲಿ ತೆಗೆದ ಅಳತೆಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಬಹುದು.

ಉತ್ತರ 2: ಅದಕ್ಕೂ ಮೊದಲು, ಅದು ನಿಜಕ್ಕೂ ಪಿಡಿಯೇ ಎಂದು ಖಚಿತ ಮಾಡಿಕೊಳ್ಳಿ. ಎಕ್ಸೈಟೇಷನ್ನಿನ (ರೋಟರಿಗೆ ಕರೆಂಟ್ ಒದಗಿಸುವ ವ್ಯವಸ್ಥೆಯ) ಥೈರಿಸ್ಟರ್ ಎಂಬ ಸ್ವಿಚ್‌ಗಳು ಒಂದು ಆವರ್ತಕ್ಕೆ ಸಮಾನ ಅಂತರದಲ್ಲಿ ಆರು ಪಲ್ಸ್ ಎಸೆಯುತ್ತವೆ. ಗಾತ್ರ ನೋಡಿ ಎಣಿಸುವ ಸಾಫ್ಟ್‌ವೇರ್ ಅವನ್ನೂ ಪಿಡಿಯ ಲೆಕ್ಕಕ್ಕೆ ಹಾಕಬಹುದು. ವೋಲ್ಟೇಜ್ ಆವರ್ತದ ಯಾವ ಕೋನದಲ್ಲಿ ಪಲ್ಸ್ ಬಂತೆಂದು ತೋರಿಸುವ ಚಿತ್ರ ತೆರೆದು ಕಣ್ಣಾರೆ ನೋಡಿ: ಸ್ಲಾಟಿನ ಪಿಡಿ 45 ಮತ್ತು 225 ಡಿಗ್ರಿಯ ಆಸುಪಾಸಿನಲ್ಲಿ ಗುಂಪುಗೂಡಿರುತ್ತದೆ. ಪ್ರತಿ ಫೇಸಿಗೆ ಪಲ್ಸ್ ಹಿಡಿಯುವ ಎರಡು 80 ಪೈಕೋಫ್ಯಾರಡ್ ಕೆಪಾಸಿಟರ್ ಕಪ್ಲರ್‌ಗಳಿದ್ದರೆ, ಪಲ್ಸ್ ಯಾವುದಕ್ಕೆ ಮೊದಲು ತಲುಪಿತು ಎಂಬುದರಿಂದ ಹೊರಗಿನ ವಿದ್ಯುತ್ ಗದ್ದಲವನ್ನು ಬೇರ್ಪಡಿಸಬಹುದು.

ಉತ್ತರ 3: ಮಳೆಗಾಲ ಎಂದಿರಿ, ಹಾಗಾಗಿ ವೈಂಡಿಂಗ್‌ನ ತುದಿಗಳ ಮೇಲೂ ಕಣ್ಣಿಡಿ. ಅಲ್ಲಿನ ಮೇಲ್ಮೈ ಪಿಡಿ ಆರ್ದ್ರತೆಯ ಜೊತೆ ಬದಲಾಗುತ್ತದೆ. ಓಝೋನ್ ವಾಸನೆ ಬರುತ್ತಿದೆಯೆ? ಯಂತ್ರ ನಿಂತಾಗ ಬೇರೆ ಬೇರೆ ಫೇಸಿನ ಕಾಯಿಲ್‌ಗಳು ಹತ್ತಿರವಿರುವ ಕಡೆ ಬಿಳಿ ಪುಡಿಯನ್ನು ಹುಡುಕಿ. ಇನ್ನೊಂದು ಕಂಪನಿಯ ಉಪಕರಣದ ಮಿಲಿವೋಲ್ಟ್ ಅಂಕಿಗಳೊಂದಿಗೆ ನಿಮ್ಮದನ್ನು ಹೋಲಿಸಬೇಡಿ. ಅಭ್ರಕವಿರುವ ಇನ್ಸುಲೇಷನ್ ಪಿಡಿಯನ್ನು ವರ್ಷಗಟ್ಟಲೆ ತಾಳಿಕೊಳ್ಳುತ್ತದೆ. ಆದರೆ ಅದೇ ಲೋಡ್, ಅದೇ ತಾಪಮಾನದಲ್ಲಿ ಆರು ತಿಂಗಳೊಳಗೆ ಅಳತೆ ಇಮ್ಮಡಿಯಾದರೆ ಮುಂದಿನ ನಿಲುಗಡೆಯ ಪಟ್ಟಿಯಲ್ಲಿ ವೆಡ್ಜ್ ತಪಾಸಣೆಯನ್ನು ಮೊದಲು ಬರೆಯಿರಿ, ಬೇಕಾಗುವ ವೆಡ್ಜ್‌ಗಳನ್ನೂ ಈಗಲೇ ತರಿಸಿಡಿ.