ಮೊಲದ ಹೊಟ್ಟೆಯಲ್ಲಿ ಸಿಕ್ಕ ಬಿಳಿ ಬೆರಳು ರೋಗವೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಕುಣಿಗಲ್ ಹತ್ತಿರ ನಲವತ್ತು ಮೊಲ ಸಾಕಿದ್ದೇನೆ. ನಿನ್ನೆ ಎರಡೂವರೆ ತಿಂಗಳ ಮರಿಯೊಂದು ಸತ್ತಿತು. ಹೊಟ್ಟೆ ಕೊಯ್ದು ನೋಡಿದೆ. ಕುರುಡು ಕರುಳಿನ ತುದಿಯಲ್ಲಿ ಬೆರಳಿನಂಥ, ಬಿಳಿಚಿಕೊಂಡ ದಪ್ಪ ಭಾಗ. ಸಣ್ಣ ಕರುಳು ಬಂದು ಸೇರುವಲ್ಲಿ ಅಡಿಕೆಯಂಥ ಇನ್ನೊಂದು ಉಬ್ಬು. ಎರಡರ ಮೇಲೂ ಜೇನುಹುಟ್ಟಿನ ಹಾಗೆ ಗೆರೆ. ಇದು ಗಡ್ಡೆಯೇ? ಉಳಿದವಕ್ಕೂ ಬರುತ್ತದೆಯೇ? ಫೋಟೊ ಹಾಕಿದ್ದೇನೆ.

ಉತ್ತರ (ಪಶುವೈದ್ಯೆ): ಗಡ್ಡೆಯಲ್ಲ, ಗಾಬರಿ ಬೇಡ. ಆ ಬೆರಳು ಮೊಲದ ಅಪೆಂಡಿಕ್ಸ್. ಅಡಿಕೆಯಂಥದ್ದಕ್ಕೆ ಸ್ಯಾಕ್ಯುಲಸ್ ರೊಟಂಡಸ್ ಎನ್ನುತ್ತೇವೆ, ಅದು ಎಲ್ಲ ಮೊಲಕ್ಕೂ ಇರುತ್ತದೆ. ನಿಮಗೆ ಕಂಡ ಜೇನುಹುಟ್ಟಿನ ಒಂದೊಂದು ಕಣ್ಣೂ ಬಿ ಕೋಶಗಳ ಗುಂಪು. ರೋಗಾಣುಗಳ ವಿರುದ್ಧ ಹೋರಾಡುವ ಪ್ರತಿಕಾಯ ತಯಾರಿಸುವವು ಅವೇ. ಮೊಲದ ದೇಹದ ರೋಗನಿರೋಧಕ ಅಂಗಾಂಶದಲ್ಲಿ ಅರ್ಧಕ್ಕಿಂತ ಹೆಚ್ಚು ಕರುಳಿನ ಗೋಡೆಯಲ್ಲೇ ಇದೆ. ಗುಲ್ಮ (ಸ್ಪ್ಲೀನ್) ಮಾತ್ರ ತೆಳುವಾದ ಪಟ್ಟಿಯಷ್ಟೇ.

ಅಪೆಂಡಿಕ್ಸನ್ನು ರಾಗಿ ಸಸಿ ಬೆಳೆಸುವ ಒಟ್ಟಲಿಗೆ ಹೋಲಿಸಬಹುದು. ಮನುಷ್ಯರ ಮೂಳೆಮಜ್ಜೆ ಜೀವನಪೂರ್ತಿ ಹೊಸ ಬಿ ಕೋಶ ಹುಟ್ಟಿಸುತ್ತದೆ. ಮೊಲದಲ್ಲಿ ಆ ಕೆಲಸ ಮೊದಲ ಕೆಲವು ತಿಂಗಳಲ್ಲೇ ಬಹುತೇಕ ಮುಗಿಯುತ್ತದೆ. ಹುಟ್ಟಿದ ಕೋಶಗಳೂ ಹೆಚ್ಚುಕಡಿಮೆ ಒಂದೇ ತಳಿಯ ಬೀಜದಂತೆ, ಪ್ರತಿಕಾಯ ಮಾಡಲು ಬಹುಪಾಲು ಒಂದೇ ಜೀನ್ ಬಳಸುತ್ತವೆ. ಅಪೆಂಡಿಕ್ಸಿಗೆ ಬಂದು, ಸುಮಾರು 4ರಿಂದ 8ನೇ ವಾರದೊಳಗೆ, ಪಕ್ಕದ ಜೀನ್‌ಗಳಿಂದ ತುಂಡು ತುಂಡು ನಕಲು ಮಾಡಿಕೊಂಡು ಬಗೆಬಗೆಯಾಗುತ್ತವೆ. ಆಮೇಲೆ ಮೈಯೆಲ್ಲ ನಾಟಿ.

ಒಟ್ಟಲಿಗೆ ಗೊಬ್ಬರ ಕರುಳಿನ ಬ್ಯಾಕ್ಟೀರಿಯಾ. ಹುಟ್ಟಿದೊಡನೆ ಅಪೆಂಡಿಕ್ಸಿನ ಬಾಯಿ ಕಟ್ಟಿ ಬ್ಯಾಕ್ಟೀರಿಯಾ ಹೋಗದಂತೆ ಮಾಡಿದ ಪ್ರಯೋಗಗಳಲ್ಲಿ ಈ ಬಿ ಕೋಶಗಳ ಗುಂಪುಗಳು ಬೆಳೆಯಲೇ ಇಲ್ಲ. ಬ್ಯಾಕ್ಟಿರಾಯ್ಡಿಸ್ ಫ್ರಜಿಲಿಸ್, ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಎರಡು ಬ್ಯಾಕ್ಟೀರಿಯಾಗಳನ್ನೂ ಒಟ್ಟಿಗೆ ಬಿಟ್ಟಾಗ ಬೆಳೆದವು. ಒಂದನ್ನೇ ಬಿಟ್ಟರೆ ಆಗಲಿಲ್ಲ. ಓದಿ ಎಷ್ಟೋ ವರ್ಷವಾದರೂ ನನಗೆ ಇದು ಇವತ್ತಿಗೂ ಬೆರಗು.

ರೋಗ ಬಂದರೆ ಹೇಗಿರುತ್ತದೆ? ಯೆರ್ಸಿನಿಯಾ ಎಂಬ ಬ್ಯಾಕ್ಟೀರಿಯಾ ತಗುಲಿದರೆ ಇದೇ ಎರಡು ಜಾಗದಲ್ಲಿ ನವಣೆ ಕಾಳಿನಂಥ ಬಿಳಿ ಗಂಟು ಮೇಲೆದ್ದು ನಿಲ್ಲುತ್ತವೆ, ಕೊಯ್ದರೆ ಒಳಗೆ ಗಿಣ್ಣಿನಂಥ ಕೀವು. ಗುಲ್ಮವೂ ಊದಿರುತ್ತದೆ. ನಿಮ್ಮ ಫೋಟೊದಲ್ಲಿ ಮೇಲ್ಮೈ ನಯವಾಗಿದೆ, ಗುಲ್ಮ ತೆಳ್ಳಗಿದೆ. ಆದರೂ ಆ ರೋಗ ಮನುಷ್ಯರಿಗೂ ಅಂಟುತ್ತದೆ, ಮುಂದೆ ಕೈಗವಸು ಇಲ್ಲದೆ ಕೊಯ್ಯಬೇಡಿ.

ನನ್ನ ಅನುಮಾನ ಫೋಟೊದ ಮೂಲೆಯಲ್ಲಿರುವ ಲಿವರ್ ಮೇಲೆ. ಅದರ ತುಂಬ ಹಳದಿ ಮಿಶ್ರಿತ ಬಿಳಿ ಮಚ್ಚೆಗಳಿವೆ. ಲಿವರ್ ಕಾಕ್ಸಿಡಿಯೋಸಿಸ್, ಅಂದರೆ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರಾವಲಂಬಿ ಜೀವಿಯಿಂದ ಬರುವ ರೋಗ, ಇದ್ದಂತಿದೆ. ಉಳಿದ ಮೊಲಗಳ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮೇಡಂ, ಪರಿಚಯದವರೊಬ್ಬರು ಮೂರನೇ ವಾರದಿಂದಲೇ ಕುಡಿಯುವ ನೀರಿಗೆ ಆಂಟಿಬಯಾಟಿಕ್ ಹಾಕಿ ಅಂತಾರೆ. ಹಾಕಿದರೆ ಶಕ್ತಿ ಬರುತ್ತದಂತೆ.

ಉತ್ತರ: ದಯವಿಟ್ಟು ಹಾಕಬೇಡಿ. ಒಟ್ಟಲು ಚಿಗುರುವ ಹೊತ್ತಿಗೇ ಗೊಬ್ಬರ ತೆಗೆದ ಹಾಗಾಗುತ್ತದೆ. ಅದರಲ್ಲೂ ಆಂಪಿಸಿಲಿನ್, ಅಮಾಕ್ಸಿಸಿಲಿನ್, ಲಿಂಕೊಮೈಸಿನ್ ಬಾಯಿಗೆ ಕೊಟ್ಟರೆ ಕರುಳಲ್ಲಿ ಕ್ಲಾಸ್ಟ್ರಿಡಿಯಮ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿ, ವಿಷವಾಗಿ, ಒಂದೆರಡು ದಿನದಲ್ಲಿ ಭೇದಿಯಿಂದ ಸಾಯಬಹುದು. ಚೆನ್ನಾಗಿದ್ದ ಮರಿಗಳು ಹೀಗೆ ಹೋಗಿದ್ದನ್ನು ಕಂಡಿದ್ದೇನೆ, ತುಂಬ ಸಂಕಟವಾಗುತ್ತದೆ. ಪರೀಕ್ಷೆಯಲ್ಲಿ ಕಾಕ್ಸಿಡಿಯಾ ಸಿಕ್ಕರೆ ಅದಕ್ಕೆ ಔಷಧಿಯೇ ಬೇರೆ, ತೂಕ ನೋಡಿ ಬರೆದುಕೊಡುತ್ತಾರೆ.

ಇನ್ನೊಬ್ಬರ ಪ್ರಶ್ನೆ: ನಮ್ಮಲ್ಲಿ ತಾಯಿ ಮೊಲ ಸತ್ತು ಐದು ಮರಿ ಉಳಿದಿವೆ. ಕರುವಿಗೆ ಕೊಡುವ ಹಾಗೆ ಹಸುವಿನ ಗಿಣ್ಣುಹಾಲು ಕೊಡಲೇಬೇಕಾ?

ಉತ್ತರ: ಪ್ರತಿಕಾಯಕ್ಕಾಗಿ ಅದರ ಅಗತ್ಯವಿಲ್ಲ. ಕರು ಪ್ರತಿಕಾಯವಿಲ್ಲದೆ ಹುಟ್ಟುತ್ತದೆ, ಮೊಲದ ಮರಿ ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ಬಹುಪಾಲು ಪಡೆದುಕೊಂಡಿರುತ್ತದೆ. ಅದೇ ವಯಸ್ಸಿನ ಮರಿಗಳಿರುವ ಇನ್ನೊಂದು ತಾಯಿ ಇದ್ದರೆ ಅದರ ಗೂಡಿಗೆ ಸೇರಿಸಿ. ಮೊಲ ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ ಹಾಲು ಕೊಡುವುದು, ಹತ್ತಿರ ಬರುತ್ತಿಲ್ಲವೆಂದು ಹೆದರಬೇಡಿ. ಆ ತಾಯಿ ಗೂಡಿನಲ್ಲಿ ನಾಲ್ಕಾರು ಹಿಕ್ಕೆ ಹಾಕಿರುತ್ತದೆ, ಗಲೀಜೆಂದು ಎಲ್ಲ ಗುಡಿಸಬೇಡಿ. ಮರಿಗಳು ಅದನ್ನು ತಿಂದೇ ಬೇಕಾದ ಬ್ಯಾಕ್ಟೀರಿಯಾ ಪಡೆಯುತ್ತವೆ. ಒದ್ದೆ ಹುಲ್ಲು ಮಾತ್ರ ಬದಲಿಸಿ. ತಾಯಿಗೆ ಕಾಕ್ಸಿಡಿಯಾ ಇಲ್ಲವೆಂದು ಮೊದಲೇ ಪರೀಕ್ಷೆ ಮಾಡಿಸಿಕೊಂಡಿರಿ.

ಕುಣಿಗಲ್ಲಿನವರೇ, ರಿಪೋರ್ಟ್ ಬಂದ ಕೂಡಲೇ ಇಲ್ಲೇ ಹಾಕಿ, ನೋಡುತ್ತೇನೆ.