ಡಿಬಗರ್‌ನ ಬಿಲ್ಡ್, ಟೆಸ್ಟ್ ಪುಟ ತಿದ್ದಬೇಕು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ಎಲ್‌ಎಲ್‌ಡಿಬಿ ಡಿಬಗರನ್ನು (ಪ್ರೋಗ್ರಾಮ್‌ಗಳ ದೋಷ ಹುಡುಕುವ ಟೂಲ್) ಲಿನಕ್ಸ್‌ನಲ್ಲಿ ಸೋರ್ಸ್‌ನಿಂದ ಬಿಲ್ಡ್ ಮಾಡಿದೆ. ಬಿಲ್ಡ್ ಸರಿಯಾಗಿಯೇ ಮುಗಿಯಿತು. ಆದರೆ ಟೆಸ್ಟ್ ಓಡಿಸಿದರೆ ಕೆಲವು ಫೇಲ್. ತೊಂದರೆ ನನ್ನ ಮೆಷಿನ್‌ನಲ್ಲಿದೆಯೋ ಕೋಡ್‌ನಲ್ಲಿದೆಯೋ ಗೊತ್ತಾಗುತ್ತಿಲ್ಲ. ಹೊಸಬರಿಗೆ ಈ ಗೊಂದಲ ಆಗಬಾರದೆಂದು ಬಿಲ್ಡ್ ಮತ್ತು ಟೆಸ್ಟ್ ಪುಟಗಳನ್ನು ತಿದ್ದಿ ನನ್ನ ಮೊದಲ ಪ್ಯಾಚ್ ಕಳಿಸಬೇಕೆಂದಿದ್ದೇನೆ. ಏನು ಬರೆದರೆ ನಿಜಕ್ಕೂ ಉಪಯೋಗ?

ಉತ್ತರ: ಒಳ್ಳೆಯ ಯೋಚನೆ, ಖಂಡಿತ ಕಳಿಸಿ. ಸಾಮಾನ್ಯವಾಗಿ ಬಿಲ್ಡ್ ಪುಟಗಳು ಕಮಾಂಡ್ ಹೇಳುತ್ತವೆ, ಆ ಕಮಾಂಡ್ ಸರಿಯಾಗಿ ನಡೆದರೆ ಏನು ಕಾಣಬೇಕು ಅಂತ ಹೇಳುವುದಿಲ್ಲ. ನೀವು ತುಂಬಬೇಕಾದ ಜಾಗ ಅದೇ.

ಪೈಥಾನ್ ವಿಷಯವನ್ನೇ ನೋಡಿ. ಎಲ್‌ಎಲ್‌ಡಿಬಿಯಲ್ಲಿ ಪೈಥಾನ್ ಬೆಂಬಲದ ಆಯ್ಕೆ ತಾನಾಗಿ "ಆಟೊ" ಆಗಿರುತ್ತದೆ. ಸ್ವಿಗ್ (ಸಿ++ ಕೋಡನ್ನು ಪೈಥಾನ್‌ಗೆ ಜೋಡಿಸುವ ಟೂಲ್) ಅಥವಾ ಪೈಥಾನ್‌ನ ಡೆವಲಪ್‌ಮೆಂಟ್ ಪ್ಯಾಕೇಜ್ ಇಲ್ಲದಿದ್ದರೆ, ಬಿಲ್ಡ್ ಕಾನ್ಫಿಗರ್ ಮಾಡುವ ಸಿಮೇಕ್ ಎರರ್ ಕೊಡುವುದಿಲ್ಲ, ಆ ಭಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ಬಿಲ್ಡ್ ಸುಸೂತ್ರ. ಆದರೆ ಪೈಥಾನ್‌ನಲ್ಲಿ ಬರೆದ ಎಪಿಐ ಟೆಸ್ಟ್‌ಗಳು ಓಡುವುದೇ ಇಲ್ಲ, ಹೊಸಬರು ಎಲ್ಲ ಪಾಸ್ ಆಯಿತೆಂದು ನಂಬುತ್ತಾರೆ. ಆ ಆಯ್ಕೆಯನ್ನು "ಆನ್" ಎಂದು ಕೊಟ್ಟರೆ ಕೊರತೆ ಕಾನ್ಫಿಗರ್ ಹಂತದಲ್ಲೇ ಸಿಕ್ಕಿಬೀಳುತ್ತದೆ. ಟೆಸ್ಟ್ ಓಡಿಸುವವರಿಗಾಗಿ ಇರುವ ಸೂಚನೆಯಲ್ಲಿ ಇದು ಮೇಲೆಯೇ ಇರಬೇಕು.

ನಿಮ್ಮ ಫೇಲ್‌ಗಳಿಗೆ ಕಾರಣ ಬಹುಶಃ ಅನುಮತಿ. ಬೇರೆ ಪ್ರೋಗ್ರಾಮ್‌ಗಳಿಗೆ ಬೇಡದ ಅನುಮತಿಗಳು ಡಿಬಗರ್‌ಗೆ ಬೇಕು. ಉಬುಂಟುವಿನಲ್ಲಿ ಯಾಮಾ ಎಂಬ ಕರ್ನಲ್ ಸುರಕ್ಷತಾ ಭಾಗದ ಪಿಟ್ರೇಸ್-ಸ್ಕೋಪ್ ಸೆಟ್ಟಿಂಗ್‌ನ ಮೌಲ್ಯ ಸಾಮಾನ್ಯವಾಗಿ 1 ಇರುತ್ತದೆ. ಅಂದರೆ ಡಿಬಗರ್ ತಾನೇ ಶುರು ಮಾಡಿದ ಪ್ರೋಗ್ರಾಮನ್ನು ಹಿಡಿಯಬಹುದು, ಆಗಲೇ ಓಡುತ್ತಿರುವ ಬೇರೊಂದಕ್ಕೆ ಅಟ್ಯಾಚ್ ಆಗಲು ಬಿಡುವುದಿಲ್ಲ. ಲಾಂಚ್ ಟೆಸ್ಟ್ ಪಾಸ್ ಆಗಿ ಅಟ್ಯಾಚ್ ಟೆಸ್ಟ್ ಮಾತ್ರ ಬಿದ್ದರೆ ಮೊದಲು ಇದನ್ನು ನೋಡಿ.

ಮರುಪ್ರಶ್ನೆ: ನಾನು ಡಾಕರ್ ಕಂಟೇನರ್ ಒಳಗೆ ಓಡಿಸುತ್ತಿದ್ದೇನೆ ಮೇಡಂ. ಲಾಂಚ್ ಕೂಡ ಆಗುತ್ತಿಲ್ಲ. "ಪರ್ಸನಾಲಿಟಿ ಸೆಟ್ ಫೇಲ್ಡ್" ಅಂತ ಬರುತ್ತಿದೆ.

ಉತ್ತರ: ಹಾಗಾದರೆ ಕಾರಣ ಬೇರೆ. ಪ್ರತಿ ಸಲ ವಿಳಾಸಗಳು ಬದಲಾಗದಿರಲೆಂದು ಡಿಬಗರ್ ಎಎಸ್‌ಎಲ್‌ಆರ್ ಅನ್ನು (ಮೆಮೊರಿ ವಿಳಾಸಗಳನ್ನು ಅಡ್ಡಾದಿಡ್ಡಿಯಾಗಿ ಹಂಚುವ ಸುರಕ್ಷತಾ ವ್ಯವಸ್ಥೆ) ನಿಲ್ಲಿಸಲು ನೋಡುತ್ತದೆ. ಅದಕ್ಕೆ ಬಳಸುವ ಪರ್ಸನಾಲಿಟಿ ಕರೆಯನ್ನು ಡಾಕರ್‌ನ ಡೀಫಾಲ್ಟ್ ಸೆಕ್‌ಕಾಂಪ್ ಪ್ರೊಫೈಲ್ (ಯಾವ ಸಿಸ್ಟಮ್ ಕರೆಗಳನ್ನು ಬಿಡಬೇಕೆಂಬ ಪಟ್ಟಿ) ತಡೆಯುತ್ತದೆ. ಕಂಟೇನರ್ ಶುರು ಮಾಡುವಾಗ ಆ ಪ್ರೊಫೈಲನ್ನು ಸಡಿಲಿಸಿ.

ಎರರ್ ಸಂದೇಶವನ್ನು ನೀವು ಇದ್ದಹಾಗೇ ಬರೆದಿರಿ, ನೋಡಿ, ಪುಟದಲ್ಲೂ ಹೀಗೇ ಹಾಕಿ. ಹುಡುಕಿಕೊಂಡು ಬರುವವರು ಟೈಪ್ ಮಾಡುವುದು ಆ ಸಂದೇಶವನ್ನೇ. "ಸೂಕ್ತ ಅನುಮತಿ ಇರಲಿ" ಅಂತ ಬರೆದರೆ ಯಾರಿಗೂ ಸಿಗುವುದಿಲ್ಲ.

ಮ್ಯಾಕ್‌ನವರಿಗೆ ಡಿಬಗ್‌ಸರ್ವರ್‌ಗೆ (ಪ್ರೋಗ್ರಾಮನ್ನು ಹಿಡಿದು ನಡೆಸುವ ಎಲ್‌ಎಲ್‌ಡಿಬಿಯ ಸಹಾಯಕ) ಕೋಡ್‌ಸೈನ್, ಅಂದರೆ ಡಿಜಿಟಲ್ ಸಹಿ, ಮಾಡುವ ಗೋಳು. ಸಿಸ್ಟಮ್‌ನ ಡಿಬಗ್‌ಸರ್ವರ್ ಬಳಸುವ ಆಯ್ಕೆಯೂ ಇದೆ, ಡಿಬಗ್‌ಸರ್ವರ್‌ನ ಕೋಡನ್ನೇ ಮುಟ್ಟದವರಿಗೆ ಅಷ್ಟು ಸಾಕು.

ಮರುಪ್ರಶ್ನೆ: ಟೆಸ್ಟ್ ಪುಟದ ಮೊದಲ ಕಮಾಂಡ್ ಎಲ್ಲ ಟೆಸ್ಟ್‌ಗಳನ್ನೂ ಓಡಿಸುವ "ನಿಂಜಾ ಚೆಕ್-ಎಲ್‌ಎಲ್‌ಡಿಬಿ" ಆಗಿದ್ದರೆ ಸಾಕೇ?

ಉತ್ತರ: ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯದಾಗಲಿ. ಮೊದಲು ಒಂದೇ ಒಂದು ಟೆಸ್ಟ್ ಓಡಿಸುವುದು ಹೇಗೆಂದು ಬರೆಯಿರಿ. ಇಲ್ಲಿ ಟೆಸ್ಟ್ ಮೂರು ಬಗೆ: ಸಿ++ ಯೂನಿಟ್ ಟೆಸ್ಟ್, ಫೈಲ್‌ಚೆಕ್ ಎಂಬ ಟೂಲ್‌ನಿಂದ ಔಟ್‌ಪುಟ್ ಹೋಲಿಸುವ ಶೆಲ್ ಟೆಸ್ಟ್, ಪೈಥಾನ್ ಎಪಿಐ ಟೆಸ್ಟ್. ಎಪಿಐ ಟೆಸ್ಟ್ ಒಂದನ್ನೇ ಓಡಿಸಲು ಎಲ್‌ಎಲ್‌ಡಿಬಿ-ಡಾಟೆಸ್ಟ್ ಎಂಬ ಸ್ಕ್ರಿಪ್ಟ್‌ಗೆ ಫೈಲ್ ಹೆಸರು ಕೊಟ್ಟರಾಯಿತು. ಪ್ರತಿ ಬಗೆಗೂ ಒಂದು ನಿಜವಾದ ಟೆಸ್ಟ್‌ನ ಕಮಾಂಡ್ ಮತ್ತು ಅದರ ಔಟ್‌ಪುಟ್ ಹಾಕಿ. ಕೋಡ್ ತಿದ್ದುವವರು ದಿನವಿಡೀ ಮಾಡುವ ಕೆಲಸ ಅದು.

ಇನ್ನೊಬ್ಬರ ಪ್ರಶ್ನೆ: ಮೇಡಂ, ಇನ್ನೊಂದು ಡಿಬಗರ್ ಆದ ಜಿಡಿಬಿಗೂ ಇದೇ ಅನ್ವಯಿಸುತ್ತದೆಯೇ? ನನಗೆ ಅದರ ಟೆಸ್ಟ್ ಫಲಿತಾಂಶದಲ್ಲಿ ಕೆಎಫೇಲ್, ಎಕ್ಸ್‌ಫೇಲ್ ನೋಡಿಯೇ ಗಾಬರಿ.

ಉತ್ತರ: ಗಾಬರಿ ಬೇಡ. ಕೆಎಫೇಲ್ ಅಂದರೆ ಜಿಡಿಬಿಯಲ್ಲೇ ಇರುವ, ದಾಖಲಾದ ಬಗ್. ಎಕ್ಸ್‌ಫೇಲ್ ಅಂದರೆ ಕಂಪೈಲರ್, ಆಪರೇಟಿಂಗ್ ಸಿಸ್ಟಮ್‌ನಂಥ ಹೊರಗಿನ ಕಾರಣದಿಂದ ನಿರೀಕ್ಷಿತ ಸೋಲು. ಜಿಡಿಬಿ ಟೆಸ್ಟ್‌ಗಳು ಡೆಜಾಗ್ನು ಎಂಬ ಟೆಸ್ಟ್ ಚೌಕಟ್ಟಿನ ಮೇಲೆ ಓಡುತ್ತವೆ, ಫಲಿತಾಂಶ ಜಿಡಿಬಿ.ಸಮ್ ಫೈಲ್‌ನಲ್ಲಿ ಸಿಗುತ್ತದೆ. ಎಲ್ಲವೂ ಪಾಸ್ ಆಗಲೆಂದು ಕಾಯಬೇಡಿ. ನಿಮ್ಮ ಬದಲಾವಣೆಗೆ ಮುಂಚಿನ ಫೈಲನ್ನು ತೆಗೆದಿಟ್ಟು, ನಂತರದ್ದರ ಜೊತೆ ಹೋಲಿಸಿ. ಹೊಸದಾಗಿ ಬಿದ್ದ ಟೆಸ್ಟ್ ಮಾತ್ರ ನಿಮ್ಮ ತಲೆನೋವು.

ಮೊದಲು ಕೇಳಿದವರಿಗೆ ಇನ್ನೊಂದು ಮಾತು: ಪ್ಯಾಚ್ ಕಳಿಸುವ ಮುಂಚೆ ಏನೂ ಇನ್‌ಸ್ಟಾಲ್ ಆಗಿರದ ಹೊಸ ಕಂಟೇನರ್‌ನಲ್ಲಿ ನಿಮ್ಮ ಪುಟದ ಕಮಾಂಡ್‌ಗಳನ್ನು ಕಾಪಿ-ಪೇಸ್ಟ್ ಮಾಡಿ ಓಡಿಸಿ. ಲಿಂಕ್ ಹಂತದಲ್ಲಿ ಮೆಮೊರಿ ಸಾಲದಿದ್ದರೆ ಏಕಕಾಲದ ಲಿಂಕ್ ಕೆಲಸಗಳನ್ನು ಕಡಿಮೆ ಮಾಡುವ ಫ್ಲ್ಯಾಗ್ ಇದೆ, ಅದನ್ನೂ ಪುಟಕ್ಕೆ ಸೇರಿಸಿ.