ಏರ್ ಪ್ರೆಶರ್ ಸರಿಯಿದ್ದರೂ ಶಿರಾಡಿಯಲ್ಲಿ ಬ್ರೇಕ್ ಹಿಡಿಯಲಿಲ್ಲ: ಗಾಡಿಯ ಕಂಪ್ಯೂಟರ್ ಏನನ್ನು ನೋಡುತ್ತಿಲ್ಲ?

ಪ್ರಶ್ನೆ (ಲಾರಿ ಮಾಲೀಕ, ಹಾಸನ)

ನಮ್ಮ ನಾಲ್ಕು ಬಿಎಸ್6 ಲಾರಿಗಳು ವಾರಕ್ಕೆ ಎರಡು ಮೂರು ಬಾರಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತವೆ. ಎರಡೂ ಏರ್ ಟ್ಯಾಂಕ್‌ಗಳ ಒತ್ತಡವನ್ನು ಗಾಡಿಯ ಕ್ಯಾನ್ ಜಾಲದಿಂದ (ಗಾಡಿಯೊಳಗಿನ ಕಂಪ್ಯೂಟರ್‌ಗಳು ಮಾಹಿತಿ ಹಂಚಿಕೊಳ್ಳುವ ತಂತಿ ಜಾಲ) ಓದಿ ಕಚೇರಿಗೆ ಕಳುಹಿಸುವ ಸಾಧನವನ್ನು ಕಳೆದ ವರ್ಷ ಹಾಕಿಸಿದ್ದೇವೆ. ಕಳೆದ ತಿಂಗಳು ಲೋಡ್ ತುಂಬಿದ ಲಾರಿಯೊಂದು ದೋಣಿಗಾಲ್ ದಾಟಿ ಮಾರನಹಳ್ಳಿಯತ್ತ ಇಳಿಯುವಾಗ, ಪೆಡಲ್ ಪೂರ್ತಿ ಒತ್ತಿದರೂ ವೇಗ ತಗ್ಗಲಿಲ್ಲ. ಚಾಲಕರು ಎಕ್ಸಾಸ್ಟ್ ಬ್ರೇಕ್‌ನ (ಎಂಜಿನ್‌ನ ಹೊಗೆಯನ್ನು ತಡೆದು ಗಾಡಿಯ ವೇಗ ತಗ್ಗಿಸುವ ವ್ಯವಸ್ಥೆ) ನೆರವಿನಿಂದ, ರಸ್ತೆ ತುಸು ಸಮತಟ್ಟಾದ ಕಡೆ ಗಾಡಿಯನ್ನು ನಿಲ್ಲಿಸಿದಾಗ ಹಿಂದಿನ ಡ್ರಮ್‌ಗಳಿಂದ ಹೊಗೆ ಬರುತ್ತಿತ್ತು. ಆದರೆ ನಮ್ಮ ದಾಖಲೆಯಲ್ಲಿ ಒತ್ತಡ 7 ಬಾರ್‌ಗಿಂತ ಕೆಳಗೆ ಇಳಿದೇ ಇಲ್ಲ, ಎಚ್ಚರಿಕೆಯೂ ಬಂದಿಲ್ಲ. ಸಾಧನ ಕೆಟ್ಟಿದೆಯೇ, ಅಥವಾ ನಾವು ನೋಡಬೇಕಾದ್ದೇ ಬೇರೆಯೇ?

ಉತ್ತರ 1 (ಬ್ರೇಕ್ ವಿನ್ಯಾಸದ ಎಂಜಿನಿಯರ್)

ಸಾಧನ ಸರಿಯಾಗಿಯೇ ಇದೆ. ಟ್ಯಾಂಕ್‌ನಲ್ಲಿ ಗಾಳಿ ಇದೆ ಎಂದಷ್ಟೇ ಅದು ಹೇಳಬಲ್ಲದು. ಆ ಗಾಳಿಯ ಬಲ ಲೈನರ್‌ನಿಂದ (ಡ್ರಮ್‌ನ ಒಳಮೈಗೆ ಒತ್ತಿ ಉಜ್ಜುವ ಪಟ್ಟಿ) ಚಕ್ರದ ಜೊತೆ ತಿರುಗುವ ಡ್ರಮ್‌ಗೆ ತಲುಪಿತೇ ಎಂಬುದು ಅದಕ್ಕೆ ತಿಳಿಯದು.

ಬ್ರೇಕ್ ಚೇಂಬರ್‌ಗೆ ಗಾಳಿ ನುಗ್ಗಿದಾಗ ಅದರಿಂದ ಹೊರಚಾಚಿ ಬ್ರೇಕ್ ಹಾಕುವ ಸರಳೇ ಪುಶ್ ರಾಡ್. 30 ಚದರ ಇಂಚಿನ ಚೇಂಬರ್‌ನಲ್ಲಿ ಅದು ಹೆಚ್ಚೆಂದರೆ ಎರಡೂವರೆ ಇಂಚು ಚಾಚುತ್ತದೆ. ಎರಡು ಇಂಚು ದಾಟಿತೆಂದರೆ ಸೆಟ್ಟಿಂಗ್ ತಪ್ಪಿದೆ ಎಂದು ಉತ್ತರ ಅಮೆರಿಕದ ತಪಾಸಣೆಗಳಲ್ಲಿ ಪರಿಗಣಿಸುತ್ತಾರೆ, ಏಕೆಂದರೆ ರಾಡ್ ಕೊನೆಯ ಹಂತಕ್ಕೆ ಬಂದಂತೆ ಅದರ ತಳ್ಳುವ ಬಲ ಥಟ್ಟನೆ ಕುಸಿಯುತ್ತದೆ. ಘಾಟಿಯಲ್ಲಿ ಡ್ರಮ್ ಬಿಸಿಯಾದಾಗ ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ: 410 ಮಿ.ಮೀ. ವ್ಯಾಸದ ಎರಕದ ಕಬ್ಬಿಣದ ಡ್ರಮ್‌ನ ತಾಪ 300 ಡಿಗ್ರಿ ಏರಿದರೆ ವ್ಯಾಸ ಸುಮಾರು 1.3 ಮಿ.ಮೀ. ಹೆಚ್ಚುತ್ತದೆ. ಇದು ಅತಿ ಅಲ್ಪವೆಂದು ತೋರಬಹುದು, ಆದರೆ ಕ್ಯಾಮ್ (ತಿರುಗಿ ಲೈನರ್‌ಗಳನ್ನು ಡ್ರಮ್‌ಗೆ ಒತ್ತುವ ಭಾಗ) ಮತ್ತು ಸ್ಲ್ಯಾಕ್ ಅಡ್ಜಸ್ಟರ್‌ನ (ಪುಶ್ ರಾಡನ್ನು ಕ್ಯಾಮ್‌ಗೆ ಜೋಡಿಸಿ, ಲೈನರ್ ಸವೆದಂತೆ ಅಂತರ ಸರಿಪಡಿಸುವ ತೋಳು) ಮೂಲಕ ಪುಶ್ ರಾಡ್‌ನ ಬಳಿಗೆ ಬರುವಷ್ಟರಲ್ಲಿ ಹಲವು ಪಟ್ಟು ಬೆಳೆದಿರುತ್ತದೆ. ಜೊತೆಗೆ ಬಿಸಿಯಾದ ಲೈನರ್‌ನ ಹಿಡಿತವೂ ತಗ್ಗುತ್ತದೆ. ಇಷ್ಟೆಲ್ಲ ನಡೆಯುವಾಗಲೂ ಗೇಜ್‌ನ ಮುಳ್ಳು ಅಲ್ಲಾಡುವುದಿಲ್ಲ. ಎಬಿಎಸ್ ಕೂಡ ಇಲ್ಲಿ ನೆರವಾಗದು. ಚಕ್ರ ಲಾಕ್ ಆಗುವುದನ್ನು ಅದು ತಡೆಯುತ್ತದೆ, ಹಿಡಿಯದ ಬ್ರೇಕನ್ನು ಹಿಡಿಯುವಂತೆ ಮಾಡಲಾರದು.

ಪುಶ್ ರಾಡ್‌ನ ಚಲನೆಯನ್ನು ಅಳೆಯುವ ಸೆನ್ಸರ್‌ಗಳಿವೆ. ಬ್ರೇಕ್ ಅತಿಯಾಗಿ ಚಾಚುತ್ತಿದೆಯೇ, ಬಿಡದೆ ಹಿಡಿದುಕೊಂಡಿದೆಯೇ ಎಂಬೆರಡನ್ನೂ ಅವು ಪ್ರತಿ ಚಕ್ರಕ್ಕೂ ಬೇರೆಬೇರೆಯಾಗಿ ತಿಳಿಸುತ್ತವೆ. ಅದಕ್ಕೂ ಮುನ್ನ, ಕ್ಯಾನ್‌ನಲ್ಲಿ ಸಿಗುವ ಬ್ರೇಕ್ ಸ್ವಿಚ್ ಮತ್ತು ವೇಗವನ್ನು ದಾಖಲಿಸಿ, ಘಾಟಿಯಲ್ಲಿ ಎಷ್ಟು ಹೊತ್ತು ಪೆಡಲ್ ಒತ್ತಲಾಗಿತ್ತು ಎಂದು ಲೆಕ್ಕ ಹಾಕಿರಿ.

ಉತ್ತರ 2 (ಗ್ಯಾರೇಜ್ ನಡೆಸುವವರು, ನೆಲಮಂಗಲ)

ಸೆನ್ಸರ್ ಬರುವವರೆಗೆ ಸೀಮೆಸುಣ್ಣ ಸಾಕು. ಚಕ್ರಗಳಿಗೆ ಕಲ್ಲು ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಟ್ಟು, ರಾಡ್ ಚೇಂಬರ್‌ನಿಂದ ಹೊರಬರುವ ಜಾಗದಲ್ಲಿ ಗೆರೆ ಎಳೆದು, ಒಬ್ಬರು ಪೆಡಲ್ ಪೂರ್ತಿ ಒತ್ತಿದಾಗ ಗೆರೆ ಎಷ್ಟು ದೂರ ಸರಿಯಿತೆಂದು ಅಳೆಯಿರಿ. ಆಟೊಮ್ಯಾಟಿಕ್ ಸ್ಲ್ಯಾಕ್ ಅಡ್ಜಸ್ಟರ್ ಇದ್ದೂ ಅಳತೆ ಹೆಚ್ಚು ಬಂದರೆ, ದಯವಿಟ್ಟು ಸ್ಪ್ಯಾನರ್ ಹಿಡಿದು ಪದೇ ಪದೇ ಸೆಟ್ ಮಾಡಿ ಕಳುಹಿಸಬೇಡಿ. ಅಡ್ಜಸ್ಟರ್ ಅಥವಾ ಕ್ಯಾಮ್ ಬುಶ್ ಸವೆದಿರುವ ಸಾಧ್ಯತೆ ಹೆಚ್ಚು, ಕೈಯಿಂದ ಸೆಟ್ ಮಾಡಿದರೆ ಆ ದೋಷ ಮುಂದಿನ ಘಾಟಿಯವರೆಗೆ ಮರೆಯಾಗಿರುತ್ತದೆ ಅಷ್ಟೆ.

ಪ್ರಶ್ನೆ ಕೇಳಿದವರು

ಅಳೆದು ನೋಡಿದೆವು. ಹಿಂದಿನ ಎಡಬದಿಯಲ್ಲಿ ಎರಡೂಕಾಲು ಇಂಚು, ಬಲಬದಿಯಲ್ಲಿ ಒಂದೂವರೆ. ಗಾಡಿ ತಂಪಾಗಿರುವಾಗಲೇ ಇಷ್ಟಿದ್ದರೆ ಅಂದು ಘಾಟಿಯಲ್ಲಿ ಎಷ್ಟಿತ್ತೆಂದು ಯೋಚಿಸಲೂ ಭಯವಾಗುತ್ತದೆ. ಚಾಲಕರನ್ನು ಅಂದು ಗದರಿಸಿದ್ದಕ್ಕೆ ಕ್ಷಮೆ ಕೇಳಿದ್ದೇನೆ. ಎಡಬದಿಯ ಅಡ್ಜಸ್ಟರ್ ಬದಲಾಗುವವರೆಗೆ ಆ ಗಾಡಿ ಹೊರಡುವುದಿಲ್ಲ. ಇನ್ನೊಂದು ಸಂದೇಹವಿದೆ: ಒತ್ತಡದ ದಾಖಲೆಯಿಂದ ಗಾಳಿಯ ಲೀಕ್ ಆದರೂ ಗೊತ್ತಾಗುತ್ತದೆಯೇ?

ಉತ್ತರ 3 (ವಾಹನ ದತ್ತಾಂಶದ ಕೆಲಸ ಮಾಡುವವರು)

ಗೊತ್ತಾಗುತ್ತದೆ, ಆದರೆ ಅವಸರ ಸಲ್ಲದು. ಜೆ1939 (ಲಾರಿಗಳ ಕ್ಯಾನ್ ಜಾಲ ಬಳಸುವ ಸಂದೇಶ ಮಾನಕ) ಸಂದೇಶದಲ್ಲಿ ಟ್ಯಾಂಕ್‌ನ ಒತ್ತಡ 8 ಕಿಲೋಪಾಸ್ಕಲ್‌ನ ಹೆಜ್ಜೆಗಳಲ್ಲಿ ಬರುತ್ತದೆ (100 ಕಿಲೋಪಾಸ್ಕಲ್ ಎಂದರೆ 1 ಬಾರ್). ಬ್ರೇಕ್ ಬಿಟ್ಟಿರುವಾಗ ಒಂಟಿ ಲಾರಿಗೆ ಅಮೆರಿಕದ ಚಾಲಕರ ಪರೀಕ್ಷೆಯಲ್ಲಿ ಒಪ್ಪುವ ಸೋರಿಕೆ ನಿಮಿಷಕ್ಕೆ 2 ಪಿಎಸ್ಐ, ಅಂದರೆ ಸುಮಾರು 14 ಕಿಲೋಪಾಸ್ಕಲ್. ಇದು ಎರಡು ಹೆಜ್ಜೆಗೂ ಕಡಿಮೆ. ಆದ್ದರಿಂದ ಎಂಜಿನ್ ನಿಲ್ಲಿಸಿ, ಇಗ್ನಿಷನ್ ಆನ್ ಇಟ್ಟು, ಪೆಡಲ್ ಮುಟ್ಟದೆ ಹತ್ತು ನಿಮಿಷದ ದಾಖಲೆ ತೆಗೆಯಿರಿ. ರಾತ್ರಿ ನಿಲ್ಲಿಸಿದ ಗಾಡಿಯ ಒತ್ತಡವನ್ನು ಬೆಳಗಿನದರೊಂದಿಗೆ ಹೋಲಿಸುವುದಾದರೆ ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: 8 ಬಾರ್ ತುಂಬಿದ ಟ್ಯಾಂಕ್ 35 ಡಿಗ್ರಿಯಿಂದ 20 ಡಿಗ್ರಿಗೆ ತಣಿದರೆ, ಒಂದು ಹನಿ ಗಾಳಿಯೂ ಸೋರದೆ ಸುಮಾರು 44 ಕಿಲೋಪಾಸ್ಕಲ್ ಇಳಿದಿರುತ್ತದೆ.

ಕಂಪ್ರೆಸರ್ ಒಮ್ಮೆ ಟ್ಯಾಂಕ್ ತುಂಬಿಸಲು ತೆಗೆದುಕೊಳ್ಳುವ ಸಮಯವನ್ನೂ ಪ್ರತಿ ವಾರ ಬರೆದಿಡಿ. ಒಂದೇ ಎಂಜಿನ್ ವೇಗದಲ್ಲಿ ಆ ಸಮಯ ವಾರದಿಂದ ವಾರಕ್ಕೆ ಉದ್ದವಾಗುತ್ತಿದ್ದರೆ, ಮೊದಲು ಪೈಪ್‌ಗಳ ಜೋಡಣೆಗೆ ಸೋಪಿನ ನೀರು ಹಚ್ಚಿ ನೋಡಿ, ನಂತರ ಕಂಪ್ರೆಸರ್ ಬಿಚ್ಚಿಸಿ.